ಎಡಗೈ ಬಾಸಿಂಗ

ಮನುಷ್ಯನನ್ನು ಮಿಕ್ಕ ಪ್ರಾಣಿಗಳಿಂದ ಬೇರೆ ಮಾಡಿ ಮೇಲಕ್ಕೆತ್ತಿದ್ದು ಅವನ ಕೈ ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಸೇರಿ ಅಂಥ ನಾಲ್ಕು ಕೈಗಳಿದ್ದವು. ಅವುಗಳಲ್ಲಿ ಕೆಲಸಕ್ಕೆ ಬರುವಂಥವು ಎರಡು; ಎರಡೂ ನನ್ನ ಹೆಂಡತಿಯವು.

ನಾನು ನ್ಯಾಮತಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಮೇಷ್ಟ್ರಾಗಿದ್ದು ನಿವೃತ್ತನಾದವನು. ದಿನವೂ ಹೊನ್ನಾಳಿಯಿಂದ ಬಸ್ಸಿನಲ್ಲಿ ಹೋಗಿ, ಮಕ್ಕಳಿಗೆ ಹೂಜಿ, ಬಾಳೆಹಣ್ಣು ಬರೆಯುವುದನ್ನು ಕಲಿಸಿ, ಬಸ್ಸಿನಲ್ಲೇ ವಾಪಸು ಬರುತ್ತಿದ್ದೆ. ನನ್ನ ಕೈಯಲ್ಲಿ ಕಲಿತ ಒಬ್ಬನೂ ಕಲಾವಿದನಾಗಲಿಲ್ಲ. ಇದಕ್ಕಾಗಿ ಆ ಊರಿನ ತಂದೆತಾಯಿಗಳು ಇವತ್ತಿಗೂ ನನ್ನನ್ನು ಕಂಡರೆ ನಿಂತು ನಮಸ್ಕಾರ ಮಾಡುತ್ತಾರೆ. ನನ್ನ ಹೆಂಡತಿ ಜಗಳೂರಿನವಳು. ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಉಳಿಸಿಕೊಂಡೇ ಮದುವೆಯಾಗಿ ಬಂದವಳು. ಅವಳು ಮಾಡುತ್ತಿದ್ದದ್ದು ಬಾಸಿಂಗ. ಮದುವೆಯಲ್ಲಿ ಗಂಡು ಹೆಣ್ಣಿನ ಹಣೆಗೆ ಕಟ್ಟುತ್ತಾರಲ್ಲ, ಅದೇ. ಕೆರೆಯಲ್ಲಿ ಬೆಳೆಯುವ ಬೆಂಡನ್ನು ಎಲೆಯಷ್ಟು ತೆಳ್ಳಗೆ ಸೀಳಿ, ಹೂವಿನ ಎಸಳು ಮಾಡಿ, ಬಣ್ಣದ ಕಾಗದ, ಜರಿ, ಮಣಿ ಸೇರಿಸಿ ಕಟ್ಟುವ ಕೆಲಸ. ಅವಳ ತಾಯಿಯಿಂದ ಕಲಿತದ್ದು. ತವರಿನ ಕಡೆಯ ಯಾವ ಮದುವೆಗೂ ಬಾಸಿಂಗ ಇವಳದೇ. ಇವಳ ಕೈಗುಣ ಒಳ್ಳೆಯದೆಂದು ಅವರ ನಂಬಿಕೆ. ಇವಳ ಬಾಸಿಂಗ ಕಟ್ಟಿಕೊಂಡವರಲ್ಲಿ ಯಾರೂ ಗಂಡಹೆಂಡಿರು ಬಿಟ್ಟು ಹೋಗಿಲ್ಲವಂತೆ. ನಮ್ಮ ಮದುವೆಯ ಬಾಸಿಂಗವನ್ನೂ ಇವಳೇ ಮಾಡಿಕೊಂಡಿದ್ದಳು ಎಂಬುದನ್ನು ನಾನು ಬಹಳ ತಡವಾಗಿ ತಿಳಿದೆ. ಅಷ್ಟು ಹೊತ್ತಿಗೆ ಬಿಟ್ಟು ಹೋಗುವ ವಯಸ್ಸು ದಾಟಿತ್ತು.

ಯೋಚನೆ ನನ್ನದು, ಕೆಲಸ ಅವಳದು ಎಂಬುದು ಮನೆಯ ಕಟ್ಟಳೆ. ನಾನು ಹಾಳೆಯ ಮೇಲೆ ನಕ್ಷೆ ಬರೆದು, ಅಳತೆ ಹಾಕಿ, ಬಾಣದ ಗುರುತು ಕೊಟ್ಟು ಅವಳ ಮುಂದಿಡುತ್ತಿದ್ದೆ. ಅವಳು ನೋಡಿ, "ಚಲೋ ಐತೆ" ಎಂದು ಅದರ ಮೇಲೆ ಅಂಟಿನ ಬಟ್ಟಲು ಇಡುತ್ತಿದ್ದಳು.

ಹೀಗಿದ್ದೂ ನಾವು ಕೆಲವು ಸಂಶೋಧನೆಗಳನ್ನು ಮಾಡಿದ್ದೇವೆ. ಬಾಸಿಂಗದ ಹಿಂಬದಿಗೆ ಎಲ್ಲರೂ ರಟ್ಟು ಹಾಕುತ್ತಾರೆ. ರಟ್ಟು ಮದುಮಕ್ಕಳ ಬೆವರಿಗೆ ಸೊಟ್ಟಗಾಗುತ್ತದೆ. ಚನ್ನಗಿರಿ ಕಡೆಯಿಂದ ಬಂದ ಅಡಿಕೆ ಹಾಳೆಯನ್ನು ಒಂದು ದಿನ ನೆನೆಸಿ, ರುಬ್ಬುವ ಕಲ್ಲಿನ ಕೆಳಗೆ ಒತ್ತಿಟ್ಟು ಕತ್ತರಿಸಿದರೆ ಅದು ಹಗುರ, ಗಟ್ಟಿ, ಬೆವರಿಗೆ ಜಗ್ಗುವುದಿಲ್ಲ. ಇದು ಒಂದು. ಮೈದಾ ಅಂಟಿಗೆ ಜಿರಲೆ ಬರುತ್ತದೆ. ಜಗಳೂರಿನಲ್ಲಿ ಕಂಬಳಿ ನೇಯುವವರು ಉಣ್ಣೆಗೆ ಹಾಕುವ ಹುಣಸೆ ಬೀಜದ ಗಂಜಿಯಂಥ ಸರಿಯನ್ನೇ ಅಂಟಾಗಿ ಬಳಸಿದರೆ ಜಿರಲೆ ಮೂಸಿ ನೋಡಿ ಹೋಗುತ್ತದೆ. ಇದು ಎರಡು. ಇವೆರಡೂ ಅವಳ ಸಂಶೋಧನೆಗಳು. ನನ್ನದು ಮೆಕ್ಕೆಜೋಳದ ತೆನೆಯ ಸಿಪ್ಪೆಯಿಂದ ಮಾಡಿದ ದೀಪದ ಶೇಡು. ಒಣಗಲೆಂದು ಜಗಲಿಯ ಮೇಲಿಟ್ಟಿದ್ದೆ. ಪಕ್ಕದ ಮನೆಯ ಮೇಕೆ ಅದನ್ನು ಕೂಲಂಕಷವಾಗಿ ಪರಿಶೀಲಿಸಿ ತಂತಿಯನ್ನು ಮಾತ್ರ ಬಿಟ್ಟಿತು.

"ತಿನ್ನಾಕಾದ್ರೂ ಆತಲ್ರೀ," ಎಂದಳು ಅವಳು. "ಸುಮ್ನೆ ಹೋಗ್ಲಿಲ್ಲ ನಿಮ್ಮ ವಿದ್ಯೆ."

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ಅವಳು ಕಿಟಕಿಯ ಹತ್ತಿರ ಚಾಪೆಯ ಮೇಲೆ ಕೂತು ಬೆಂಡು ಕತ್ತರಿಸುತ್ತಿದ್ದಳು. ನಾನು ಪೇಪರು ಓದುತ್ತಿದ್ದೆ.

"ರೀ, ಕತ್ತರಿ ಎಲ್ಲೋ ಬಿತ್ತು. ಸ್ವಲ್ಪ ನೋಡ್ರಿ."

ನಾನು ಚಾಪೆಯ ಅಡಿ ನೋಡಿದೆ. ಕಿಟಕಿಯ ಕಟ್ಟೆ ನೋಡಿದೆ. ಕತ್ತರಿ ಅವಳ ಬಲಗೈಯಲ್ಲೇ ಇತ್ತು. ಬೆರಳು ಸಿಕ್ಕಿಸಿಕೊಂಡಂತೆಯೇ ಇತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದೆವು. ಲಕ್ವ. ಕಾಲು ಎಳೆದೆಳೆದು ಸರಿಯಾಯಿತು. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತು. ಮಾತು ಒಂದಕ್ಷರವೂ ಕೆಡಲಿಲ್ಲ; ಕೆಲವು ವಿಷಯಗಳಲ್ಲಿ ದೇವರು ಬಹಳ ಎಚ್ಚರಿಕೆಯಿಂದಿರುತ್ತಾನೆ. ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಯಾರದೋ ಮನೆಯಿಂದ ತಂದಿಟ್ಟ ಸಾಮಾನಿನ ಹಾಗೆ ಅವಳ ಮಡಿಲಲ್ಲಿ ಬಿದ್ದಿರುತ್ತಿತ್ತು.

ಆಗ ನನ್ನೊಳಗಿನ ಎಂಜಿನಿಯರ್ ಎದ್ದು ನಿಂತ. ಹಿತ್ತಿಲಿನ ಬಾವಿ ಮುಚ್ಚಿಸಿದ ಮೇಲೆ ಮೂಲೆಗೆ ಬಿದ್ದಿದ್ದ ಗಡಗಡೆಯನ್ನು ತಂದು ಪಡಸಾಲೆಯ ತೊಲೆಗೆ ಕಟ್ಟಿ, ಹಗ್ಗದ ಒಂದು ತುದಿಯನ್ನು ಅವಳ ಬಲ ಮುಂಗೈಗೆ ಬಿಗಿದು, ಇನ್ನೊಂದು ತುದಿಯನ್ನು ಎಡಗೈಗೆ ಕೊಟ್ಟೆ. ಎಡಗೈ ಎಳೆದರೆ ಬಲಗೈ ಏಳುತ್ತದೆ. ಬೆರಳು ಬಿಡಿಸಲು ಅಡಿಕೆ ಹಾಳೆಯಲ್ಲಿ ಒಂದು ಕೈಗವಸು ಮಾಡಿ, ಸೈಕಲ್ ಟ್ಯೂಬಿನ ಪಟ್ಟಿ ಹಾಕಿದೆ. ರಾಗಿಯ ಡಬ್ಬಿಯಲ್ಲಿ ಕೈ ಅದ್ದಿ ಮುಷ್ಟಿ ಹಿಡಿಯುವ ಅಭ್ಯಾಸವನ್ನೂ ಶುರು ಮಾಡಿಸಿದೆ. ಎರಡು ತಿಂಗಳು ಬೆಳಿಗ್ಗೆ ಸಂಜೆ ಇದೇ ನಡೆಯಿತು. ಒಂದು ದಿನ ಗಡಗಡೆಯ ಕೆಳಗೆ ಅವಳ ಹೆಬ್ಬೆರಳು ಅಲ್ಲಾಡಿತು. ಇಬ್ಬರೂ ನೋಡಿದೆವು. ಆ ದಿನ ಶಾವಿಗೆ ಪಾಯಸ ಮಾಡಿದೆ. ನಾನು ಮಾಡಿದ ಪಾಯಸ, ಅದನ್ನೂ ಸಂತೋಷದಿಂದ ಉಂಡೆವು. ಮಾರನೆಯ ದಿನ ಹಗ್ಗ ಬಿಚ್ಚಿ ನೋಡಿದರೆ, ಅದರ ಎಳೆಯೊಂದು ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಅಲ್ಲಾಡಿಸಿದ್ದು ಹಗ್ಗ.

"ಪಾಯಸ ಹಗ್ಗಕ್ಕೆ ಹಾಕಬೇಕಿತ್ತು," ಎಂದಳು.

ಕಾರ್ತಿಕದಲ್ಲಿ ಜಗಳೂರಿನಿಂದ ಅವಳ ತಮ್ಮ ಫೋನ್ ಮಾಡಿದ. ಅವನ ಮಗಳ ಮದುವೆ ಗೊತ್ತಾಗಿತ್ತು. ಈ ಹುಡುಗಿಯನ್ನು ನನ್ನ ಹೆಂಡತಿ ಎತ್ತಿ ಆಡಿಸಿದ್ದಳು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಂದೆ ಹಿಡಿದೆ.

"ಅಕ್ಕಾ, ನೀನು ಏನೂ ಹಚ್ಕಂಬ್ಯಾಡ. ಆರಾಮಾಗಿ ಬಂದು ಕುಂತ್ರೆ ಸಾಕು. ಬಾಸಿಂಗ ಏನೈತೆ, ಎಲ್ಲಾದ್ರೂ ಸಿಗ್ತೈತೆ."

"ಎಲ್ಲಾದ್ರೂ ಸಿಗ್ತೈತಾ? ನಿನ್ನ ಲಗ್ನಕ್ಕೆ ಎಲ್ಲಿ ಸಿಕ್ಕಿತ್ತೋ?"

"ಅದು ಬಿಡು, ನೀನು ಮಾಡಿದ್ದು."

"ಇದೂ ನಾನೇ ಮಾಡ್ತೀನಿ."

"ಭಾವ ಅದಾರಾ ಅಲ್ಲಿ? ಸ್ವಲ್ಪ ಕೊಡು ಅವರಿಗೆ," ಎಂದ.

"ಅದಾರೆ. ಕೇಳ್ತಾ ಅದಾರೆ. ಅವರಿಗೂ ಏನೂ ಹೇಳ್ಬ್ಯಾಡ."

ಫೋನ್ ಇಟ್ಟ ಮೇಲೆ ಅವಳು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಪಕ್ಕಕ್ಕಿಟ್ಟಳು. "ಇದೊಂದು ಆಗ್ಲಿ ನೋಡಾಣ. ಆಗ್ಲಿಲ್ಲ ಅಂದ್ರೆ ನನ್ನ ಕೈ ಹೋತು ಅಂತ ನಾನೂ ಒಪ್ಕಂತೀನಿ. ಅಲ್ಲಿಗಂಟ ಯಾರೂ ಹೇಳಬ್ಯಾಡ್ರಿ," ಎಂದಳು. ಬಾಸಿಂಗ ಮಾಡುವವಳು ಎಂಬ ಹೆಸರೊಂದನ್ನು ಬಿಟ್ಟರೆ ತವರಿನಲ್ಲಿ ಅವಳಿಗೆ ಉಳಿಯುತ್ತಿದ್ದದ್ದು ಲಕ್ವ ಹೊಡೆದ ಅಕ್ಕ ಎಂಬ ಹೆಸರು. ಅದನ್ನು ಅವರು ಆಗಲೇ ಬಹಳ ಪ್ರೀತಿಯಿಂದ ಬಳಸಲು ಶುರು ಮಾಡಿದ್ದರು.

ಮೂರು ತಿಂಗಳಿತ್ತು. ಅವಳು ಎಡಗೈಯಲ್ಲಿ ಕತ್ತರಿ ಹಿಡಿದಳು. ಕತ್ತರಿ ಎಂಬ ವಸ್ತು ಬಲಗೈಯವರಿಗಾಗಿಯೇ ಹುಟ್ಟಿದ್ದು ಎಂಬುದು ಅರವತ್ತೆರಡು ವರ್ಷದ ನನಗೆ ಆಗ ಗೊತ್ತಾಯಿತು. ಎಡಗೈಯಲ್ಲಿ ಅದು ಕತ್ತರಿಸುವುದಿಲ್ಲ, ಕಚ್ಚುತ್ತದೆ. ಅದನ್ನು ಬಿಟ್ಟು ಪೆನ್ಸಿಲ್ ಕೆತ್ತುವ ನನ್ನ ಹಳೆಯ ಬ್ಲೇಡು ಹಿಡಿದಳು. ಬೆಂಡು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಲ್ಲ, ಆ ಹುದ್ದೆಗೆ ನನ್ನ ನೇಮಕವಾಯಿತು.

"ನೀವು ಈಗ ನನ್ನ ಬಲಗೈ. ಕೈ ಮಾತಾಡಲ್ಲ."

"ಒಂದು ಸಲಹೆ..."

"ಕೈ ಸಲಹೆ ಕೊಡಲ್ಲ ಕಣ್ರೀ. ಬೆಂಡು ಹಿಡೀರಿ. ಅಷ್ಟು ಗಟ್ಟಿ ಅಲ್ಲ, ಅದು ಬೆಂಡು, ಬಸ್ಸಿನ ಕಂಬಿ ಅಲ್ಲ."

ಮೊದಲ ತಿಂಗಳು ಎಸಳುಗಳೆಲ್ಲ ಇಲಿ ತಿಂದಂತಿದ್ದವು. ಅವನ್ನು ಒಂದು ಬುಟ್ಟಿಗೆ ಹಾಕುತ್ತಿದ್ದಳು. ಬುಟ್ಟಿ ತುಂಬಿದಾಗ ನೀರೊಲೆಗೆ ಸುರಿಯುತ್ತಿದ್ದಳು. ಎರಡನೆಯ ತಿಂಗಳ ಕೊನೆಗೆ ಒಂದು ಎಸಳು ಬಂತು. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗಿತ್ತು. ಅವಳು ಅದನ್ನು ನನ್ನ ಅಂಗೈ ಮೇಲಿಟ್ಟು, "ಉಸಿರು ಬಿಡಬ್ಯಾಡ್ರಿ," ಎಂದಳು. ನಾನು ಬಿಡಲಿಲ್ಲ.

ಇನ್ನು ಹುರಿ. ಬಾಸಿಂಗಕ್ಕೆ ಅಂಗಡಿಯ ದಾರ ನಡೆಯುವುದಿಲ್ಲ. ಬಿಳಿ ನೂಲನ್ನು ತೊಡೆಯ ಮೇಲೆ ಹೊಸೆದು, ಅರಿಶಿನ ಹಚ್ಚಿ ಹುರಿ ಮಾಡಬೇಕು. ಆ ಹುರಿಯೇ ಎಸಳಿನ ಸಾಲುಗಳನ್ನು ಒಂದೊಂದಾಗಿ ಹಾಳೆಗೆ ಬಿಗಿಯುತ್ತದೆ, ಅಂಚು ಸುತ್ತುತ್ತದೆ, ಉಳಿದ ತುದಿ ಹಣೆಯಿಂದ ಹಿಂದಕ್ಕೆ ಹೋಗಿ ಗಂಟಾಗುತ್ತದೆ. ಹುರಿ ಹೊಸೆಯುವುದನ್ನು ನಾನು ಪ್ರಯತ್ನಿಸಿದೆ. ನನ್ನ ಹುರಿ ಮಳೆಗಾಲದ ಎರೆಹುಳದಂತಿತ್ತು. ಕಡೆಗೆ ನಾನು ಒಂದು ತುದಿ ಹಿಡಿದು ಅವಳ ಬಲಪಕ್ಕಕ್ಕೆ ಕೂತೆ. ಅವಳು ಎಡದ ತೊಡೆಯ ಮೇಲೆ ನೂಲಿಟ್ಟು, ಎಡ ಅಂಗೈಯಿಂದ ಮೊಣಕಾಲಿನ ಕಡೆಗೆ ತಳ್ಳಿ ತಳ್ಳಿ ಹೊಸೆದಳು. ಬಲಗೈಯಲ್ಲಿ ಐವತ್ತು ವರ್ಷ ಹೇಗೆ ತಳ್ಳುತ್ತಿದ್ದಳೋ ಹಾಗೆಯೇ. ವಿಚಿತ್ರವೆಂದರೆ ಈ ಒಂದು ಕೆಲಸ ಎಡಗೈಗೆ ಮೊದಲ ದಿನವೇ ಒಗ್ಗಿತು. ಮಾರುಗಟ್ಟಲೆ ಹುರಿ ನೆಟ್ಟಗೆ, ಬಿಗಿಯಾಗಿ ಬಂತು. ಅರಿಶಿನ ಹಚ್ಚಿ ಒಣಗಿಸಿದಾಗ ಅದರ ಹೊಳಪು ಏನೋ ಬೇರೆಯಾಗಿ ಕಂಡಿತು. ಗೆರೆಗಳು ಬೇರೆ ಥರ ಓಡುತ್ತಿದ್ದವು.

"ಹಿಂದಿನದಕ್ಕಿಂತ ಇದೇ ಚೆನ್ನಾಗಿದೆ. ಹೊಸ ಲಯ ಬಂದಿದೆ," ಎಂದು ನಾನು ಚಿತ್ರಕಲೆ ಮೇಷ್ಟ್ರ ದನಿಯಲ್ಲಿ ತೀರ್ಪು ಕೊಟ್ಟೆ. ಅವಳಿಗೆ ಸಂತೋಷವಾಯಿತು. ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಎರಡು ಬಾಸಿಂಗಗಳೂ ಮುಗಿದವು, ಗಂಡಿನದು, ಹೆಣ್ಣಿನದು. ಹಳೆಯ ಸೀರೆಯಲ್ಲಿ ಸುತ್ತಿ, ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮದುವೆಗೆ ಎಂಟು ದಿನವಿರುವಾಗ ಜಗಳೂರಿಗೆ ಹೊರಟೆವು. ಬಸ್ಸಿನಲ್ಲಿ ಅವಳು ಪೆಟ್ಟಿಗೆಯನ್ನು ಯಾರಿಗೂ ಕೊಡಲಿಲ್ಲ. ಕಂಡಕ್ಟರು, "ಮೇಲೆ ಇಡಾಕೆ ಜಾಗ ಐತಲ್ಲಮ್ಮ," ಎಂದಾಗ, "ನಿನ್ನ ತಲೆ ಮೇಲೂ ಜಾಗ ಐತೆ, ಅದಕ್ಕೇನು," ಎಂದಳು. ಮೂರು ತಿಂಗಳಲ್ಲಿ ಅವಳು ಅಷ್ಟು ಗೆಲುವಾಗಿದ್ದನ್ನು ನಾನು ಕಂಡಿರಲಿಲ್ಲ.

ತಮ್ಮನ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಎಲ್ಲರೂ ಬಗ್ಗಿ ನೋಡಿದರು. ನಿಜವಾಗಿ ಚೆನ್ನಾಗಿತ್ತು. ಮದುಮಗಳು ತನ್ನದನ್ನು ಹಣೆಗೆ ಹಿಡಿದು ಕನ್ನಡಿಯ ಮುಂದೆ ನಿಂತು, "ಅತ್ತೆ, ಇದು ಎಡಗೈನಾಗೆ ಮಾಡಿದ್ದಾ? ಸುಳ್ಳು!" ಎಂದಳು. ತಮ್ಮ ಕಣ್ಣೊರೆಸಿಕೊಂಡ.

ಆ ಮನೆಯಲ್ಲಿ ನನ್ನ ಹೆಂಡತಿಯ ದೊಡ್ಡವ್ವ ಇದ್ದಾರೆ. ಎಂಬತ್ತು ದಾಟಿದೆ, ಕಣ್ಣು ಮಬ್ಬು. ಅವರು ಏನನ್ನೇ ಆದರೂ ನೋಡುವುದು ಬೆರಳಿನಿಂದ. ನನ್ನನ್ನು ಇನ್ನೂ ಹೊಸ ಅಳಿಯನ ಹಾಗೆ ಮಾತಾಡಿಸುತ್ತಾರೆ. "ಅಳಿಯಂದ್ರು ಬಂದಾರೇನು? ಕೊಡ್ರಿ ಇಲ್ಲಿ, ನಾನೂ ನೋಡ್ತೀನಿ," ಎಂದು ಕೈ ಚಾಚಿದರು. ಬಾಸಿಂಗವನ್ನು ಮಡಿಲಲ್ಲಿಟ್ಟುಕೊಂಡು ಎಸಳುಗಳ ಮೇಲೆ ಬೆರಳಾಡಿಸಿದರು. "ಅವ್ವನ ಕೈ ಬಂದೈತೆ ನಿಂಗೆ," ಎಂದರು. ಆಮೇಲೆ ಹುರಿಯ ತುದಿ ಹಿಡಿದು ಹೆಬ್ಬೆರಳಿನಿಂದ ಸವರುತ್ತ ಹೋದರು. ಒಂದು ಕಡೆ ಹೆಬ್ಬೆರಳು ನಿಂತಿತು. ಹಿಂದಕ್ಕೆ ಬಂದು ಮತ್ತೆ ಸವರಿದರು.

"ಇದನ್ನ ಹೊಸೆದೋರು ಯಾರು ತಾಯಿ?"

"ನಾನೇ, ದೊಡ್ಡವ್ವ."

"ಎಡಗೈನಾಗೆ?"

"ಹೂಂ."

"ಎಡಹುರಿ ಆಗೇತಲ್ಲವ್ವ."

ಯಾರೂ ಏನೂ ಹೇಳಬೇಕಾಗಿರಲಿಲ್ಲ. ನಮ್ಮ ಕಡೆ ಮನೆಗೆ, ತೊಟ್ಟಿಲಿಗೆ, ಮದುವೆಗೆ ಬೇಕಾದ ಹುರಿಯನ್ನು ಬಲಕ್ಕೆ ಹೊಸೆಯುತ್ತಾರೆ. ಎಡಕ್ಕೆ ಹೊಸೆದ ಹುರಿಯ ಬಳಕೆ ಒಂದೇ ಕಡೆ: ಚಟ್ಟ ಕಟ್ಟಲು. ಇದು ಅವಳಿಗೂ ಗೊತ್ತು, ನನಗೂ ಗೊತ್ತು. ಬಲಗೈಯ ಕೆಲಸವನ್ನು ಎಡಗೈ ಹಾಗೆಯೇ ಮಾಡಿದರೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿ ಸಂಬಳ ತಗೊಂಡವನು ನಾನು. ಈ ಹುರಿಯ ಇನ್ನೊಂದು ತುದಿ ಹಿಡಿದು ಕೂತಿದ್ದವನೂ ನಾನೇ. ಹೊಸ ಲಯ ಕಂಡಿದ್ದೆ.

ಮದುಮಗಳು ಮೊದಲು ಮಾತಾಡಿದಳು. "ಅಜ್ಜಿ, ದಾರ ಯಾವ ಕಡೆ ತಿರುಗಿದ್ರೆ ಏನಾಗ್ತೈತೆ? ನಂಗೆ ಅತ್ತೆ ಮಾಡಿದ್ದೇ ಬೇಕು."

"ನಿಂಗೆ ಬೇಕು ಮಗಳೇ," ಎಂದರು ದೊಡ್ಡವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾಳೆ ನಿನ್ನ ಗಂಡಗೆ ಒಂದು ಜ್ವರ ಬಂತು ಅಂದ್ರೆ ಅವನ ಕಡೇರು ಯಾರ ಹೆಸರು ತಗೀತಾರೆ? ನಿನ್ನದಲ್ಲ, ನಿನ್ನ ಅತ್ತೇದು. ಈಗಲೇ ಅದರ ಕೈ ಹಿಂಗಾಗೈತೆ."

ಹುರಿಯನ್ನಷ್ಟೇ ಬಿಚ್ಚಿ ಬೇರೆ ಹಾಕಬಹುದೇ ಎಂದು ತಮ್ಮ ಕೇಳಿದ. ಹಾಕುವಂತಿರಲಿಲ್ಲ. ಎಸಳಿನ ಪ್ರತಿ ಸಾಲೂ ಅದರಿಂದಲೇ ನಿಂತಿತ್ತು. ಹುರಿ ಎಳೆದರೆ ಒಂದು ಬುಟ್ಟಿ ಬೆಂಡು ಉಳಿಯುತ್ತದೆ, ಬಾಸಿಂಗವಲ್ಲ. ನಾನು ವೈಜ್ಞಾನಿಕವಾಗಿ ಏನೋ ಹೇಳಲು ಬಾಯಿ ತೆರೆದೆ.

"ನೀವು ಸುಮ್ನಿರ್ರಿ," ಎಂದಳು ನನ್ನ ಹೆಂಡತಿ. "ದೊಡ್ಡವ್ವ ಹೇಳಿದ್ದು ಸರಿ ಐತೆ. ಬ್ಯಾರೇರು ಮಾಡಿದ್ರೆ ನಾನೂ ಇದನ್ನೇ ಹೇಳ್ತಿದ್ದೆ." ಎಡಗೈಯಿಂದಲೇ ಎರಡನ್ನೂ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಮುಚ್ಚಳ ಹಾಕಲು ನಾನು ಹಿಡಿಯಬೇಕಾಯಿತು. ಊಟ ಮಾಡಿದೆವು. ಹೋಳಿಗೆ ಬಡಿಸಿದರು, ಎರಡು ಸಲ ಬಲವಂತ ಮಾಡಿದರು. ತಮ್ಮನ ಹೆಂಡತಿ, "ಅಕ್ಕಾರು ಸುಸ್ತಾಗ್ಯಾರೆ, ಸ್ವಲ್ಪ ಮಲಗಿಸ್ರಿ," ಎಂದಳು. ಅದು ಅವಳ ಒಳ್ಳೆಯತನ. ಅವತ್ತು ಆ ಮನೆಯಲ್ಲಿ ಎಲ್ಲರೂ ಬಹಳ ಒಳ್ಳೆಯವರಾಗಿದ್ದರು.

ವಾಪಸು ಬರುವಾಗ ಹರಿಹರದ ಹತ್ತಿರ ನನಗೆ ಹೊಳೆಯಿತು. ಪಂಚೆಯ ಅಂಚಿನಿಂದ ಒಂದು ನೂಲು ಕಿತ್ತು, ತೊಡೆಯ ಮೇಲಿಟ್ಟು, ಎಡ ಅಂಗೈಯನ್ನು ಮೊಣಕಾಲಿನ ಕಡೆಗೆ ತಳ್ಳುವ ಬದಲು ಹೊಟ್ಟೆಯ ಕಡೆಗೆ ಎಳೆದೆ. ಬಲಹುರಿ ಬಂತು. ಇಷ್ಟೇ. ತಳ್ಳಬಾರದು, ಎಳೆಯಬೇಕು. ಮೇಕೆ ತಿಂದದ್ದನ್ನು ಬಿಟ್ಟರೆ ನಮ್ಮ ಮೂರನೆಯ ಸಂಶೋಧನೆ, ಅದೂ ನನ್ನದು. ನೂಲನ್ನು ಅವಳ ಮುಂದೆ ಹಿಡಿದೆ.

ಅವಳು ಬಹಳ ಹೊತ್ತು ನೋಡಿದಳು. "ಇದನ್ನ ಮೊದ್ಲೇ ಹೇಳಾಕೆ ಏನಾಗಿತ್ರೀ?" ಎಂದಳು.

"ಕೈ ಮಾತಾಡಲ್ಲ ಅಂದಿದ್ದೆಯಲ್ಲ," ಎಂದೆ. ನಗಿಸಲು ಹೇಳಿದ್ದು. ಅವಳು ಕಿಟಕಿಯ ಕಡೆಗೆ ತಿರುಗಿಕೊಂಡಳು.

ಏಳು ದಿನ ಉಳಿದಿತ್ತು. ಮರುದಿನ ಬೆಳಿಗ್ಗೆಯೇ ನಾನು ಚನ್ನಗಿರಿಗೆ ಹೋಗಿ ಹೊಸ ಹಾಳೆ ತಂದೆ. ಅವಳು ಎಳೆದು ಹೊಸೆಯಲು ಕೂತಳು. ತಳ್ಳುವುದನ್ನಷ್ಟೇ ಕಲಿತ ಭುಜ ಎಳೆಯುವುದನ್ನು ಒಪ್ಪಲಿಲ್ಲ. ಗೇಣುದ್ದ ಬಲಹುರಿ ಬರುತ್ತಿತ್ತು. ಅಂಗೈ ಎತ್ತಿದ ಕೂಡಲೇ ಬಿಚ್ಚಿಕೊಂಡು ಮತ್ತೆ ನೂಲಾಗುತ್ತಿತ್ತು. ಅವಸರಕ್ಕೆ ಎಸಳುಗಳೂ ಹರಿಯತೊಡಗಿದವು. ಎರಡು ಸಲ ಅವಳಿಗೆ ಗೊತ್ತಿಲ್ಲದೆಯೇ ಕೈ ಮುಂದಕ್ಕೆ ತಳ್ಳಿತು, ಹುರಿ ಚೆನ್ನಾಗಿ ಬಂತು, ಅವಳೇ ಅದನ್ನು ಬಿಚ್ಚಿಹಾಕಿದಳು. ನಾನೇ ಎಳೆದು ಹೊಸೆಯುತ್ತೇನೆ ಎಂದೆ. ನನ್ನ ಎರೆಹುಳವನ್ನು ತೋರಿಸಿದೆ. ಅವಳು ಅದನ್ನು ಬೆರಳಲ್ಲಿ ಸವರಿ, "ಇದನ್ನ ಕಟ್ಟಿಕಂಡು ಯಾರು ಹಸೆಮಣೆ ಮ್ಯಾಲೆ ಕುಂದರ್ತಾರೆ," ಎಂದು ಮೆಲ್ಲಗೆ ಕೆಳಗಿಟ್ಟಳು.

ನಾಲ್ಕನೆಯ ದಿನ ಮಧ್ಯಾಹ್ನ ತೊಡೆಯ ಮೇಲಿನ ನೂಲು ಕೊಡವಿ, "ತಮ್ಮಗೆ ಫೋನ್ ಹಚ್ರಿ," ಎಂದಳು. ಹಚ್ಚಿದೆ.

"ಎಲ್ಲಾದ್ರೂ ಸಿಗ್ತೈತೆ ಅಂದಿದ್ಯಲ್ಲ, ತರ್ಸಪ್ಪ," ಎಂದಳು. "ಹೂಂ, ಆರಾಮಾಗಿ ಬರ್ತೀನಿ. ಬಂದು ಕುಂದರ್ತೀನಿ."

ಎಡಹುರಿಯ ಬಾಸಿಂಗ ಮನೆಯಲ್ಲಿ ಇಟ್ಟುಕೊಳ್ಳುವಂಥದಲ್ಲ, ಹರಿಯುವ ನೀರಿಗೆ ಬಿಡಬೇಕು ಎಂದು ದೊಡ್ಡವ್ವ ಹೇಳಿ ಕಳಿಸಿದ್ದರು. ಹೊಳೆ ನಮಗೆ ಹತ್ತಿರ. ಮರುದಿನ ಬೆಳಿಗ್ಗೆ ಹೋಗಿ ತುಂಗಭದ್ರೆಗೆ ಬಿಟ್ಟೆವು. ಬೆಂಡು, ಅಡಿಕೆ ಹಾಳೆ, ಹುಣಸೆ ಸರಿ: ನೀರಿಗೆ ಜಗ್ಗದಂತೆ ನಾವೇ ಯೋಚಿಸಿ ಮಾಡಿದ ವಸ್ತು. ಮುಳುಗಲಿಲ್ಲ. ದಡದ ಜೊಂಡಿನ ಹತ್ತಿರ ಸುತ್ತುತ್ತ ನಿಂತಿತು. ನಾನು ಕೋಲು ಹುಡುಕಿ ತಂದು ಎರಡು ಸಲ ದೂಡಿದೆ, ಎರಡು ಸಲವೂ ವಾಪಸು ಬಂತು. "ಬಿಡ್ರಿ, ಹೊತ್ತಾತು," ಎಂದಳು. ಬಿಟ್ಟು ಬಂದೆವು.

ಮದುವೆ ಗೊತ್ತುಮಾಡಿದ್ದ ದಿನವೇ ಆಯಿತು. ಬಾಸಿಂಗವನ್ನು ದಾವಣಗೆರೆಯ ಅಂಗಡಿಯಿಂದ ತರಿಸಿದ್ದರು. ನನ್ನ ಹೆಂಡತಿ ಆಮೇಲೆ ಬಾಸಿಂಗ ಮಾಡಿಲ್ಲ.